ಹಿಮ ಮುಸುಕಿದ ಕಾರು

ಮುದ್ದೇಬಿಹಾಳದ ಎರೆಹೊಲಗಳಲ್ಲಿ ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಜನರು ಸಹಭೋಜನಕ್ಕೆ ಕುಳಿತುಕೊಳ್ಳುವ ಋತುವಿನಲ್ಲಿಯೇ, ಉದ್ಯೋಗಾರ್ಥವಾಗಿ ಅಮೆರಿಕೆಯ ನ್ಯೂಜೆರ್ಸಿಯಲ್ಲಿ ನೆಲೆಸಿದ ನಮ್ಮ ನಾಡಿನ ತರುಣರು ಹೊತ್ತು ಮೂಡುವ ಮೊದಲೇ ಎದ್ದು, ರಾತ್ರಿಯ ಬಿರುಗಾಳಿಯು ಕಾರಿನ ಮೇಲೆ ಹೊದಿಸಿಹೋದ ಹಿಮವನ್ನು ತೆಗೆಯುವ ಕಾಯಕದಲ್ಲಿ ತೊಡಗಿರುತ್ತಾರೆ. 2010ರಲ್ಲಿ ಎಡಿಸನ್ನಿನಲ್ಲಿಯೂ 2016ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿಯೂ ವಿಶ್ವ ಕನ್ನಡ ಸಮ್ಮೇಳನಗಳು ನೆರವೇರಿದ ಆ ರಾಜ್ಯದಲ್ಲಿ ಕನ್ನಡಿಗರ ಮನೆಗಳು ಅನೇಕವಿರುವುದರಿಂದ, ಈ ವಿಷಯವು ನಮಗೆ ಸರ್ವಥಾ ಪರಕೀಯವಾದುದಲ್ಲ.

ಆಕಾಶದಿಂದ ಮಂಜುಗಡ್ಡೆ ಬೀಳುವುದನ್ನು ನಾವೂ ಕಂಡವರೇ. 2014ರ ಮಾರ್ಚಿನಲ್ಲಿ, ಆಗಿನ್ನೂ ಬಿಜಾಪುರವೆಂಬ ಹೆಸರಿದ್ದ ನಮ್ಮ ಜಿಲ್ಲೆಯಲ್ಲಿ ಸುರಿದ ಆಣೆಕಲ್ಲಿನ ಮಳೆಯು ದ್ರಾಕ್ಷಿಯ ತೋಟಗಳನ್ನು ಹಾಳುಗೆಡವಿತು. ಆದರೆ ನಮ್ಮ ನೆಲದ ಕಾವಿಗೆ ಆಣೆಕಲ್ಲು ಬಹುಕಾಲ ನಿಲ್ಲದು. ಶೀತದೇಶದ ಸಂಗತಿ ಬೇರೆ. ಅಲ್ಲಿ ಕೆಲವೊಮ್ಮೆ ಮೇಲಿನ ಬೆಚ್ಚನೆಯ ಗಾಳಿಯ ಪದರದಲ್ಲಿ ಕರಗಿ ಹನಿಯಾದ ಹಿಮವು, ನೆಲದ ಸಮೀಪದ ಅತಿಶೀತಲವಾದ ಗಾಳಿಯನ್ನು ಹಾದುಬರುವಾಗ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ದ್ರವರೂಪದಲ್ಲಿಯೇ ಉಳಿದು, ಲೋಹವನ್ನೋ ಗಾಜನ್ನೋ ಮುಟ್ಟಿದಾಗ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉದುರಿದ ಹಿಮವನ್ನು ಕುಂಚದಿಂದ ಗುಡಿಸಿಬಿಡಬಹುದು. ಹೀಗೆ ಕವಿದ ಗಡ್ಡೆಯಾದರೋ ಅಷ್ಟು ಸುಲಭವಾಗಿ ಬಿಡದು.

ಹೊಸದಾಗಿ ಹೋದವರಿಗೆ ಮೊದಲು ತೋಚುವ ಉಪಾಯವೆಂದರೆ ಕುದಿನೀರು. ಇದು ಅನರ್ಥಕಾರಿಯಾದುದು. ಗಾಜು ಉಷ್ಣವನ್ನು ಬೇಗ ಹರಿಯಗೊಡುವ ಪದಾರ್ಥವಲ್ಲವಾದ್ದರಿಂದ, ನೀರು ಬಿದ್ದ ಹೊರಮೈ ಹಿಗ್ಗುತ್ತಿರಲು ಒಳಭಾಗವು ತಣ್ಣಗೇ ಉಳಿದು, ಆ ಸೆಳೆತಕ್ಕೆ ಗಾಜು ಸೀಳುತ್ತದೆ. ಹಿಂದೆಂದೋ ಕಲ್ಲು ಸಿಡಿದು ಬಿದ್ದ ಸಣ್ಣ ಚುಕ್ಕೆಯಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಸುರಿದ ನೀರೂ ಹರಿದುಹೋಗಿ ಬೇರೆಡೆ ಹೆಪ್ಪುಗಟ್ಟುವುದು. ಒಂದು ಗ್ರಾಂ ಮಂಜುಗಡ್ಡೆಯನ್ನು ಕರಗಿಸಲು ಸುಮಾರು 80 ಕ್ಯಾಲೊರಿ ಉಷ್ಣ ಬೇಕು. ಅಷ್ಟೇ ಉಷ್ಣದಿಂದ ಒಂದು ಗ್ರಾಂ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದೆಂಬುದನ್ನು ನೆನೆದರೆ, ಈ ಕೆಲಸದಲ್ಲಿ ಆತುರವು ಏಕೆ ಸಲ್ಲದೆಂಬುದು ವಿಶದವಾದೀತು. ಇಂಜಿನ್ನು ಕಾದ ಬಳಿಕ ಬರುವ ಬಿಸಿಗಾಳಿಯನ್ನು ಒಳಗಿನಿಂದ ಗಾಜಿನತ್ತ ತಿರುಗಿಸಿ, ಗಡ್ಡೆಯ ಬುಡ ಸಡಿಲವಾಗುವವರೆಗೆ ಕಾದಿದ್ದು, ತರುವಾಯ ಪ್ಲಾಸ್ಟಿಕ್ಕಿನ ಅಲಗಿನಿಂದ ಹೆರೆಯುವುದೇ ಲೇಸು; ಲೋಹದ ಅಲಗು ಗಾಜನ್ನು ಗೀರುತ್ತದೆ. ಎರಡು ಪಾಲು ಐಸೊಪ್ರೊಪೈಲ್ ಆಲ್ಕೊಹಾಲಿಗೆ ಒಂದು ಪಾಲು ನೀರು ಬೆರೆಸಿ ಸಿಂಪಡಿಸುವುದೂ ಉಂಟು. ಗಡ್ಡೆ ಹಿಡಿದಿರುವಾಗ ವೈಪರನ್ನು ಚಾಲನೆಗೊಳಿಸಬಾರದು. ರಬ್ಬರು ಹರಿಯುವುದು, ಮೋಟಾರೂ ಕೆಡಬಹುದು.

ಇವೆಲ್ಲಕ್ಕಿಂತ ಮೊದಲು ಮಾಡತಕ್ಕ ಕೆಲಸವೊಂದಿದೆ. ಹಿಂಬದಿಯ ಸೈಲೆನ್ಸರ್ ಕೊಳವೆಯ ಬಾಯನ್ನು ಹಿಮದಿಂದ ಮುಕ್ತಗೊಳಿಸದೆ ಇಂಜಿನ್ನನ್ನು ಹಚ್ಚಲೇಬಾರದು. ಏಕೆಂದರೆ ಹೊರಹೋಗಲು ದಾರಿಯಿಲ್ಲದ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಕಾರಿನ ಒಳಕ್ಕೆ ನುಗ್ಗುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಆ ಅನಿಲವು ರಕ್ತದ ಹಿಮೋಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಬೆಸೆದುಕೊಳ್ಳುತ್ತದೆ; ಒಳಗಿದ್ದವರಿಗೆ ಅಪಾಯದ ಅರಿವೂ ಆಗುವುದಿಲ್ಲ. 2016ರ ಜನವರಿಯ ಮಹಾಹಿಮಪಾತದಲ್ಲಿ ನ್ಯೂಜೆರ್ಸಿಯ ಪಸೇಯಿಕ್ ಪಟ್ಟಣದಲ್ಲಿ, ಕಾರಿನ ಸುತ್ತಲಿನ ಹಿಮವನ್ನು ತಂದೆಯು ಹೊರಗೆ ಸಲಿಕೆಯಿಂದ ತೆಗೆಯುತ್ತಿರಲು, ಬೆಚ್ಚಗಿರಲೆಂದು ಚಾಲೂ ಕಾರಿನಲ್ಲಿ ಕುಳಿತಿದ್ದ ತಾಯಿಯೂ ಎಳೆಯ ಮಗನೂ ಹೀಗೆಯೇ ಅಸುನೀಗಿದರು. ಇಂತಹ ಸಾವನ್ನು ಎರಡು ಬಾರಿ ಸಲಿಕೆಯಾಡಿಸಿ ತಪ್ಪಿಸಬಹುದಿತ್ತೆಂಬ ವಿಚಾರವು ಮನಸ್ಸನ್ನು ಬಹಳ ನೋಯಿಸುತ್ತದೆ.

ಮುಂದಿನ ಗಾಜಿನಲ್ಲಿ ಅಂಗೈಯಗಲ ಕಿಂಡಿ ಮಾಡಿಕೊಂಡು ಹೊರಟುಬಿಡುವವರೂ ಇದ್ದಾರೆ. ಕಾರಿನ ನೆತ್ತಿಯ ಮೇಲುಳಿದ ಗಡ್ಡೆಯು ವೇಗಕ್ಕೆ ಎದ್ದು ಹಿಂದಿನವರ ಮೇಲೆ ಅಪ್ಪಳಿಸುವುದರಿಂದ, ನೆತ್ತಿಯೂ ಸೇರಿದಂತೆ ಹಿಮವನ್ನು ತೆಗೆಯದವರಿಗೆ ಆ ರಾಜ್ಯದ ಕಾನೂನು 25ರಿಂದ 75 ಡಾಲರುಗಳ ದಂಡ ವಿಧಿಸುತ್ತದೆ. ಯಾರಿಗಾದರೂ ಹಾನಿಯಾದರೆ ದಂಡವು ಇನ್ನೂ ಹೆಚ್ಚು. ಇದು ನ್ಯಾಯವಾದ ಕಟ್ಟಳೆಯೆಂದೇ ನನ್ನ ಅಭಿಪ್ರಾಯ.

ಮಗನೋ ಮಗಳೋ ಆ ನಾಡಿನಲ್ಲಿರುವ ತಂದೆತಾಯಿಗಳು ಈ ಚಳಿಗಾಲದಲ್ಲಿ ದೂರವಾಣಿಯಲ್ಲಿ ಮಾತನಾಡುವಾಗ, ಊಟ ಉಡಿಗೆಗಳನ್ನು ವಿಚಾರಿಸಿದ ಮೇಲೆ, ಕಾರು ಹಚ್ಚುವ ಮುಂಚೆ ಸೈಲೆನ್ಸರಿನ ಬಾಯಿ ನೋಡಿಕೊಳ್ಳಬೇಕೆಂದೂ, ಹಿಮ ತೆಗೆಯುವಾಗ ಮಕ್ಕಳನ್ನು ಕಾರಿನಲ್ಲಿ ಕೂರಿಸದೆ ಮನೆಯೊಳಗೇ ಬಿಟ್ಟಿರಬೇಕೆಂದೂ ತಪ್ಪದೆ ಹೇಳಬೇಕೆಂದು ಪ್ರಾರ್ಥಿಸುತ್ತೇನೆ.