ಬ್ಯಾಂಕಿನ ಕಂಪ್ಯೂಟರನ್ನು ಕೇಳುವ ಬಗೆ

ಕಳಂಬೋಲಿ: ನಿಶ್ಚಿತ ಠೇವಣಿಯ ಬಡ್ಡಿಯಲ್ಲಿ ತೆರಿಗೆಯನ್ನೇಕೆ ಮುರಿದುಕೊಂಡಿರಿ ಎಂದು ನಮ್ಮ ಹಿರಿಯರು ಶಾಖೆಯಲ್ಲಿ ವಿಚಾರಿಸಿದರೆ "ಕಂಪ್ಯೂಟರೇ ಮುರಿದುಕೊಂಡಿದೆ" ಎಂಬ ಉತ್ತರ ಸಿಗುವುದುಂಟು. ಬ್ಯಾಂಕ್ ನೌಕರರಾದ ನಾವು ಇದನ್ನು ಉತ್ತರವೆಂದು ಒಪ್ಪಲಾರೆವು. ಕಂಪ್ಯೂಟರು ನಡೆಯುವುದು ಯಾರೋ ನಮೂದಿಸಿಟ್ಟ ನಿಯಮದಂತೆ. ಆ ನಿಯಮವನ್ನು ಕೇಳಿ ತಿಳಿಯಲು ಒಂದು ಭಾಷೆಯೂ ಇದೆ.

ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಫಿನಾಕಲ್‌ನಂತಹ ಒಂದೇ ತಂತ್ರಾಂಶವನ್ನು ಹಲವು ಬ್ಯಾಂಕುಗಳು ಬಳಸುತ್ತವೆ. ಆದರೆ ಬಡ್ಡಿದರ, ಕನಿಷ್ಠ ಶಿಲ್ಕು, ಶುಲ್ಕಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆದ್ದರಿಂದ ಇವನ್ನು ಪ್ರೋಗ್ರಾಮಿನೊಳಗೆ ಹುದುಗಿಸದೆ ಪ್ರತ್ಯೇಕ ಕೋಷ್ಟಕಗಳಲ್ಲಿ ಇಡುತ್ತಾರೆ. ಸೆಟ್ಟಿಂಗ್ ಎನ್ನುವುದು ಇದನ್ನೇ. ಹಿಂದೆ ಸುತ್ತೋಲೆಗಳ ಕಡತ ಮಾಡುತ್ತಿದ್ದ ಕೆಲಸವೆನ್ನಿ.

ಈ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆ ಎಸ್‌ಕ್ಯುಎಲ್. ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಆಧರಿಸಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿದರು. ಕಲಾ ಪದವೀಧರರಿಗೂ ಎಟಕುವ ಭಾಷೆಯಿದು. 'ಸೆಲೆಕ್ಟ್' ಎಂದರೆ ಏನು ಬೇಕು, 'ಫ್ರಮ್' ಎಂದರೆ ಯಾವ ಕೋಷ್ಟಕದಿಂದ, 'ವೇರ್' ಎಂದರೆ ಯಾವ ಷರತ್ತಿನಂತೆ.

ಕಷ್ಟವಿರುವುದು ಷರತ್ತಿನಲ್ಲಿ. ಹಿರಿಯ ನಾಗರಿಕರ ಬಡ್ಡಿಗೆ ಮೂಲದಲ್ಲೇ ತೆರಿಗೆ ಕಡಿತದ ಮಿತಿಯನ್ನು 2018ರಲ್ಲಿ 50,000 ರೂಪಾಯಿಗೂ, 2025ರ ಏಪ್ರಿಲ್ 1ರಿಂದ 1,00,000 ರೂಪಾಯಿಗೂ ಏರಿಸಲಾಯಿತು. 'ವೇರ್' ಭಾಗದಲ್ಲಿ 'ಹಿರಿಯ ನಾಗರಿಕ' ಎಂದಷ್ಟೇ ಬರೆದರೆ ಎರಡೂ ಸಾಲುಗಳು ಎದುರು ಬರಬಹುದು. ಹಿಂದಿನ ವರ್ಷಗಳ ಲೆಕ್ಕಕ್ಕೆ ಆಧಾರ ಬೇಕಾದ್ದರಿಂದ ಹಳೆಯ ಸಾಲನ್ನು ಅಳಿಸದೆ, ಪ್ರತಿ ಸಾಲಿಗೂ ಜಾರಿಯ ದಿನಾಂಕ ಕೊಟ್ಟಿರುತ್ತಾರೆ. ಬಡ್ಡಿ ಜಮೆಯಾದ ದಿನ ಜಾರಿಯಲ್ಲಿದ್ದ ಸಾಲು ಯಾವುದೆಂದೇ ಕೇಳಬೇಕು.

ಮಿತಿ ಸರಿಯಿದ್ದರೂ ತೆರಿಗೆ ಮುರಿದಿದ್ದರೆ? ಆಗ ಗ್ರಾಹಕರ ಕೋಷ್ಟಕವನ್ನೂ ಜೋಡಿಸಿ ನೋಡಬೇಕು. ಅಲ್ಲಿ ಜನ್ಮದಿನಾಂಕ ತಪ್ಪಾಗಿದ್ದರೆ, ಎಪ್ಪತ್ತರ ಅಜ್ಜಿಯೂ ತಂತ್ರಾಂಶಕ್ಕೆ ಹಿರಿಯರಲ್ಲ!

'ಸೆಲೆಕ್ಟ್' ಓದುತ್ತದೆ, 'ಅಪ್‌ಡೇಟ್' ತಿದ್ದುತ್ತದೆ. 'ವೇರ್' ಇಲ್ಲದ 'ಅಪ್‌ಡೇಟ್' ಕೋಷ್ಟಕದ ಎಲ್ಲ ಸಾಲುಗಳನ್ನೂ ಬದಲಿಸಿಬಿಡುತ್ತದೆ. ಆದುದರಿಂದ ಪರಿಶೀಲಿಸುವವರಿಗೆ ಓದುವ ಅಧಿಕಾರವಷ್ಟೇ ಇರತಕ್ಕದ್ದು. ತಿದ್ದುಪಡಿಯನ್ನು ಒಬ್ಬರು ನಮೂದಿಸಿ ಇನ್ನೊಬ್ಬರು ದೃಢೀಕರಿಸಬೇಕು. ಈ ಬಿಗಿ ಕೆಲವರಿಗೆ ಕಿರಿಕಿರಿ, ನಮಗೆ ಸಮಾಧಾನ.

ಶಾಖೆಗೆ ಹೋದಾಗ ದಾಖಲೆಯಲ್ಲಿರುವ ತಮ್ಮ ಜನ್ಮದಿನಾಂಕವನ್ನೂ, ಅನ್ವಯಿಸಿದ ಮಿತಿಯನ್ನೂ ಹಿರಿಯರು ಕೇಳಿ ಬರೆದುಕೊಳ್ಳಲಿ. ಸರ್ಕಾರಕ್ಕೆ ಈಗಾಗಲೇ ಪಾವತಿಯಾದ ಹೆಚ್ಚುವರಿ ತೆರಿಗೆಯನ್ನು ಆದಾಯ ವಿವರ ಸಲ್ಲಿಸಿ ಮರಳಿ ಪಡೆಯಬಹುದು.