ರಾನ್ ಬರಾಸಿ: ಐತಿಹ್ಯವೂ ವಾಸ್ತವವೂ

ಮೆಲ್ಬರ್ನ್ ಕ್ರಿಕೆಟ್ ಮೈದಾನವೆಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಡಿಸೆಂಬರ್ ಕೊನೆಯ ವಾರದ ಟೆಸ್ಟ್ ಪಂದ್ಯ. ಆ ಊರಿನ ಬಹುಮಂದಿಗಾದರೋ ಅದು ಮೊದಲು ಫುಟ್ಬಾಲಿನ ಅಂಗಳ, ಆಮೇಲೆ ಕ್ರಿಕೆಟ್ಟಿನದು. ಮೈದಾನದ ಹೊರಗೆ ನಿಲ್ಲಿಸಿರುವ ಕಂಚಿನ ಪ್ರತಿಮೆಗಳಲ್ಲಿ ಡಾನ್ ಬ್ರಾಡ್ಮನ್ ಅವರದನ್ನು ನಮಗೆ ಯಾರೂ ಗುರುತು ಹೇಳಿಕೊಡಬೇಕಾದ್ದಿಲ್ಲ. ಅವರ ಜೊತೆಯಲ್ಲೇ ಪ್ರತಿಮೆಯಾಗಿರುವ ರಾನ್ ಬರಾಸಿ ಅವರ ಹೆಸರನ್ನು ಮಾತ್ರ ನಮ್ಮಲ್ಲಿ ಕೇಳಿಬಲ್ಲವರು ವಿರಳ. ಆಟಗಾರರಾಗಿ ಆರು, ತರಬೇತುದಾರರಾಗಿ ನಾಲ್ಕು, ಒಟ್ಟು ಹತ್ತು ಪ್ರೀಮಿಯರ್‌ಶಿಪ್‌ಗಳನ್ನು ಕಂಡು, 254 ಪಂದ್ಯಗಳನ್ನು ತಾವೇ ಆಡಿ, 500ಕ್ಕೂ ಮಿಕ್ಕ ಪಂದ್ಯಗಳಿಗೆ ಅನ್ಯರನ್ನು ಸಜ್ಜುಗೊಳಿಸಿ, 2023ರ ಸೆಪ್ಟೆಂಬರ್ 16ರಂದು ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡ ಈ ಮಹನೀಯರ ಸುತ್ತ ಐತಿಹ್ಯಗಳು ಎಷ್ಟು ದಟ್ಟವಾಗಿ ಬೆಳೆದುಕೊಂಡಿವೆಯೆಂದರೆ, ಅವರು ಮಾಡದ ಕೆಲಸಗಳಿಗೆಲ್ಲ ಅವರಿಗೆ ಕೀರ್ತಿ ಸಲ್ಲುತ್ತಿದೆ. ನಿಜವಾಗಿ ಮಾಡಿದ ಕೆಲವು ಕೆಲಸಗಳು ಮರೆತೇಹೋಗುವಂತಿವೆ.

ಮೊದಲು ಆಟವನ್ನು ಕುರಿತ ಭ್ರಾಂತಿಯೊಂದನ್ನು ಕಳೆದುಕೊಳ್ಳಬೇಕು. ಬರಾಸಿಯವರು ಆಡಿದ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್ ಎಂಬುದು ನಾವು ಕಾಣುವ ಸಾಕರ್ ಅಲ್ಲ, ರಗ್ಬಿಯ ಕವಲೂ ಅಲ್ಲ; ಅದರ ನಿಯಮಗಳನ್ನು ಮೆಲ್ಬರ್ನಿನವರು ಬರೆದಿಟ್ಟದ್ದು 1859ರಲ್ಲಿ, ಅಂದರೆ ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು. ಒಂದೊಂದು ಪಕ್ಷಕ್ಕೆ ಹದಿನೆಂಟು ಮಂದಿ, ಅಂಡಾಕಾರದ ಕ್ರಿಕೆಟ್ ಮೈದಾನ, ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬ. ಚೆಂಡನ್ನು ನಡುವಣ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್ ಎಂದು ಆರು ಅಂಕ, ಪಕ್ಕದ ಸಂದಿನಲ್ಲಿ ಹೋದರೆ ಬಿಹೈಂಡ್ ಎಂದು ಒಂದು ಅಂಕ. ಚೆಂಡನ್ನು ಎಸೆಯಕೂಡದು, ಕಾಲಿನಿಂದ ಒದೆಯಬೇಕು, ಇಲ್ಲವೆ ಒಂದು ಅಂಗೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಸಂಗಡಿಗನಿಗೆ ದಾಟಿಸಬೇಕು. ಈ ಗುದ್ದುವಿಕೆಗೆ ಹ್ಯಾಂಡ್‌ಬಾಲ್ ಎಂದು ಹೆಸರು. ಬರಾಸಿಯವರ ಅತ್ಯಂತ ದೊಡ್ಡ ಐತಿಹ್ಯವು ನಿಂತಿರುವುದು ಇದರ ಮೇಲೆಯೇ ಆದ್ದರಿಂದ ಇಷ್ಟು ವಿವರ ಅವಶ್ಯವಾಯಿತು.

ತಂದೆ ಆಡಿದ ಕ್ಲಬ್ಬಿಗೆ ಮಗನೂ ಸೇರಬಹುದೆಂಬ ನಿಯಮವು ಹುಟ್ಟಿದ್ದೇ ಬರಾಸಿಯವರಿಗೋಸ್ಕರ ಎಂಬುದು ಅಲ್ಲಿಯ ಬಹುಮಂದಿಯ ನಂಬಿಕೆ. ಈ ನಂಬಿಕೆಯ ಹಿಂದಿರುವ ಕಥೆ ಮನಕಲಕುವಂಥದು. ತಂದೆಯ ಹೆಸರೂ ರಾನ್ ಬರಾಸಿ. ಮೆಲ್ಬರ್ನ್ ಕ್ಲಬ್ಬಿನ 1940ರ ವಿಜಯೀ ತಂಡದಲ್ಲಿದ್ದವರು. ಮರುವರ್ಷವೇ ಲಿಬಿಯಾ ದೇಶದ ತೊಬ್ರೂಕ್‌ನಲ್ಲಿ ಯುದ್ಧದ ಬಾಯಿಗೆ ತುತ್ತಾದರು. ಮಗನಿಗೆ ಆಗ ಐದು ವರ್ಷ. ಮುಂದೆ ತಾಯಿ ಮರುಮದುವೆಯಾಗಿ ಟಾಸ್ಮೇನಿಯಾಕ್ಕೆ ಹೊರಟಾಗ, ಫುಟ್ಬಾಲನ್ನು ಬಿಟ್ಟು ಹೋಗಲೊಲ್ಲದ ಹುಡುಗನನ್ನು ತಂದೆಯ ಜೊತೆಯಾಟಗಾರರಾಗಿದ್ದು ಆ ವೇಳೆಗೆ ಮೆಲ್ಬರ್ನಿನ ತರಬೇತುದಾರರಾಗಿದ್ದ ನಾರ್ಮ್ ಸ್ಮಿತ್ ಅವರು ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ಆ ಕಾಲದಲ್ಲಿ ಆಟಗಾರನು ತಾನು ವಾಸವಾಗಿರುವ ವಲಯದ ಕ್ಲಬ್ಬಿಗೇ ಸೇರತಕ್ಕದ್ದೆಂಬ ಕಟ್ಟು ಇದ್ದು, ಕಾರ್ಲ್ಟನ್ ಮತ್ತು ಕಾಲಿಂಗ್‌ವುಡ್ ಕ್ಲಬ್ಬುಗಳ ಕಣ್ಣು ಈ ಹುಡುಗನ ಮೇಲೆ ಬಿದ್ದಿದ್ದರಿಂದ, ಮೆಲ್ಬರ್ನಿನವರು ಲೀಗಿನ ಮುಂದೆ ಬಹಳವಾಗಿ ವಾದಿಸಿ ಆತನನ್ನು ಪಡೆದುಕೊಂಡದ್ದು ನಿಜ. ಆದರೆ ಹಳೆಯ ದಾಖಲೆಗಳನ್ನು ನೋಡಿದವರಿಗೆ ಈ ನಿಯಮದಂತೆ ಮೊದಲು ಕ್ಲಬ್ಬಿಗೆ ಬಂದವರು ಹಾರ್ವೆ ಡನ್ ಎಂಬವರೆಂದೂ, 1951ರಲ್ಲಿಯೇ ತಂದೆಯ ಜಾಡಿನಲ್ಲಿ ಅವರು ಕಾರ್ಲ್ಟನ್ ಸೇರಿದರೆಂದೂ ತಿಳಿಯುತ್ತದೆ. ಬರಾಸಿಯವರು ಮೆಲ್ಬರ್ನಿನ ಪರ ಮೊದಲ ಪಂದ್ಯವಾಡಿದ್ದು 1953ರಲ್ಲಿ. ತಂದೆಯಿಲ್ಲದ ಹುಡುಗನ ಕಥೆಯ ಮುಂದೆ ಪಾಪ, ಡನ್ ಅವರ ಹೆಸರು ಯಾರ ನೆನಪಿನಲ್ಲಿ ಉಳಿದೀತು!

ರಕ್-ರೋವರ್ ಎಂಬ ಸ್ಥಾನವನ್ನು ಬರಾಸಿಯವರು ಕಂಡುಹಿಡಿದರೆಂಬ ಮಾತಿಗೆ ಹೆಚ್ಚು ಹೊತ್ತು ವ್ಯಯಿಸಬೇಕಾಗಿಲ್ಲ. ಎತ್ತರದ ಆಳುಗಳು ಚೆಂಡಿಗಾಗಿ ಹಾರುವ ರಕ್ ಕೆಲಸಕ್ಕೆ ಅವರ ಎತ್ತರ ಸಾಲದು. ಕೆಳಗೆ ಬಿದ್ದ ಚೆಂಡನ್ನು ಹೆಕ್ಕಿಕೊಂಡು ಓಡುವ ರೋವರ್ ಕೆಲಸಕ್ಕೆ ಮೈಕಟ್ಟು ಹೆಚ್ಚಾಯಿತು. ಇಂಥ ಆಳನ್ನು ಬೆಂಚಿನಲ್ಲಿ ಕೂರಿಸುವ ಬದಲು ಎರಡಕ್ಕೂ ಸಲ್ಲುವಂತೆ ನಡುವೆ ಬಿಟ್ಟು ನೋಡಿದವರು ಸ್ಮಿತ್. ಯುಕ್ತಿ ಸ್ಮಿತ್ ಅವರದು; ಅದನ್ನು ಎಲ್ಲ ಕ್ಲಬ್ಬುಗಳೂ ಅನುಕರಿಸುವಷ್ಟು ರಭಸದಿಂದ ಆಡಿ ತೋರಿಸಿದ ಶಕ್ತಿ ಬರಾಸಿಯವರದು. 1955, 1956, 1957, 1959, 1960, 1964 ಹೀಗೆ ಹತ್ತು ವರ್ಷಗಳಲ್ಲಿ ಆರು ಪಟ್ಟಗಳು ಮೆಲ್ಬರ್ನಿಗೆ ಬಂದವು. ಕೊನೆಯ ಎರಡರಲ್ಲಿ ಬರಾಸಿಯವರೇ ನಾಯಕರು.

ಇನ್ನು ದ್ರೋಹದ ಮಾತು. 1964ರ ಗ್ರ್ಯಾಂಡ್ ಫೈನಲ್‌ನಲ್ಲಿ ಕಾಲಿಂಗ್‌ವುಡ್ ತಂಡವನ್ನು ನಾಲ್ಕೇ ಅಂಕಗಳಿಂದ ಸೋಲಿಸಿದ ಮೆಲ್ಬರ್ನಿನ ನಾಯಕರು ಮುಂದಿನ ಋತುವಿಗೆ ಕಾರ್ಲ್ಟನ್ ಕ್ಲಬ್ಬಿನ ನಾಯಕ-ತರಬೇತುದಾರರಾಗಿ ಹೊರಟುಹೋದರೆಂಬ ಸುದ್ದಿ ಆ ನಗರವನ್ನು ಅಲ್ಲೋಲಕಲ್ಲೋಲ ಮಾಡಿತು. ಹಣದ ಆಸೆಗೆ ಸಾಕಿದ ಮನೆಯನ್ನು ತೊರೆದರು, ಅವರು ಹೋದದ್ದರಿಂದಲೇ ಮೆಲ್ಬರ್ನ್ ಮುಳುಗಿತು, ಎಂಬ ಎರಡು ಮಾತುಗಳು ಅಂದಿನಿಂದ ಜೋಡಿಯಾಗಿ ಸಾಗಿಬಂದಿವೆ. ಕಾರ್ಲ್ಟನ್ ಕೊಟ್ಟ ಹಣ ಅಂದಿನ ಮಟ್ಟಕ್ಕೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರು ಆರಿಸಿಕೊಂಡದ್ದು ಎಂಥ ಕ್ಲಬ್ಬನ್ನು? 1947ರಿಂದೀಚೆಗೆ ಪಟ್ಟದ ಮುಖ ಕಾಣದೆ, ಹನ್ನೆರಡು ತಂಡಗಳ ಲೀಗಿನಲ್ಲಿ ಹಿಂದಿನ ವರ್ಷವಷ್ಟೆ ಹತ್ತನೆಯ ಸ್ಥಾನಕ್ಕೆ ಇಳಿದಿದ್ದ ಕ್ಲಬ್ಬನ್ನು. ಬರಾಸಿಯವರಿಗೆ ತರಬೇತುದಾರರಾಗುವ ಹಂಬಲವಿತ್ತು. ಮೆಲ್ಬರ್ನಿನಲ್ಲಿ ಆ ಪೀಠದ ಮೇಲೆ ಕುಳಿತಿದ್ದವರು ತಮ್ಮನ್ನು ಸಾಕಿ ಬೆಳೆಸಿದ ಸ್ಮಿತ್. ಅವರನ್ನು ಎಬ್ಬಿಸಿ ತಾವು ಕೂರುವುದಕ್ಕಿಂತ ಮನೆ ಬಿಟ್ಟು ಹೋಗುವುದೇ ಹೆಚ್ಚು ಮರ್ಯಾದೆಯದೆಂದು ನನಗಂತೂ ತೋರುತ್ತದೆ. ಎರಡನೆಯ ಮಾತಿಗೆ ಉತ್ತರವು ಅಂಕಪಟ್ಟಿಯಲ್ಲೇ ಇದೆ: 1965ರಲ್ಲಿ ಬರಾಸಿಯವರಿಲ್ಲದ ಮೆಲ್ಬರ್ನ್ ಆಡಿದ ಮೊದಲ ಎಂಟು ಪಂದ್ಯಗಳನ್ನೂ ಒಂದರ ಹಿಂದೊಂದರಂತೆ ಗೆದ್ದಿತು! ಮುಳುಗಿದ್ದು ಆಮೇಲೆ. ಜುಲೈ ತಿಂಗಳಲ್ಲಿ ಕ್ಲಬ್ಬಿನ ಆಡಳಿತ ಸಮಿತಿಯು ತನಗೆ ಆರು ಪಟ್ಟಗಳನ್ನು ತಂದುಕೊಟ್ಟ ಸ್ಮಿತ್ ಅವರನ್ನೇ ಋತುವಿನ ನಡುವೆ ವಜಾ ಮಾಡಿ, ಊರೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಕರೆದುಕೊಂಡಿತು. ಒಡೆದ ಮನಸ್ಸು ಕೂಡಲಿಲ್ಲ. ಮೆಲ್ಬರ್ನ್ ಮುಂದಿನ ಪಟ್ಟಕ್ಕಾಗಿ 2021ರವರೆಗೆ ಕಾಯಬೇಕಾಯಿತು. ಅದನ್ನು ಕೆಲವರು ಸ್ಮಿತ್ ಅವರ ಶಾಪವೆನ್ನುತ್ತಾರೆ. ಅಸಮರ್ಥ ಆಡಳಿತಕ್ಕೆ ಶಾಪವೆಂಬ ಹೆಸರಿಟ್ಟರೆ ಯಾರೂ ಉತ್ತರ ಹೇಳಬೇಕಾಗುವುದಿಲ್ಲವಷ್ಟೆ.

ಕಾರ್ಲ್ಟನ್ ಕ್ಲಬ್ಬಿಗೆ ಬರಾಸಿಯವರು ನಾಯಕ-ತರಬೇತುದಾರರಾಗಿ ಹೋದದ್ದರಿಂದ, ಅಲ್ಲಿಯ ಪಟ್ಟಗಳನ್ನು ಮೈದಾನದಲ್ಲಿ ಆಡಿಯೇ ಗೆದ್ದರೆಂದು ಭಾವಿಸುವವರುಂಟು. ಹಾಗಲ್ಲ. 1968ರ ಮತ್ತು 1970ರ ಗ್ರ್ಯಾಂಡ್ ಫೈನಲ್‌ಗಳಲ್ಲಿ ನಾಯಕರಾಗಿ ಆಡಿದವರು ಜಾನ್ ನಿಕೋಲ್ಸ್. ಬರಾಸಿಯವರು ಗೆರೆಯಾಚೆ ಕುಳಿತು ಆಜ್ಞಾಪಿಸುತ್ತಿದ್ದರು. 1968ರ ಪಂದ್ಯವಂತೂ ವಿಚಿತ್ರವಾದದ್ದು. ಎಸೆಂಡನ್ 8.5, ಕಾರ್ಲ್ಟನ್ 7.14, ಎಂದರೆ ಗೋಲುಗಳಲ್ಲಿ ಸೋತ ಕಾರ್ಲ್ಟನ್, ಹದಿನಾಲ್ಕು ಬಿಹೈಂಡುಗಳ ಬಲದಿಂದ, 56ಕ್ಕೆ 53ರಂತೆ ಮೂರು ಅಂಕಗಳಿಂದ ಗೆದ್ದಿತು. ಕಡಮೆ ಗೋಲು ಹೊಡೆದ ಪಕ್ಷವು ಗ್ರ್ಯಾಂಡ್ ಫೈನಲ್ ಗೆದ್ದದ್ದು ಅದೇ ಮೊದಲು.

1970ರ ಸೆಪ್ಟೆಂಬರಿನ ಗ್ರ್ಯಾಂಡ್ ಫೈನಲನ್ನು ನೋಡಲು 1,21,696 ಜನ ಸೇರಿದ್ದರು. ಆ ಸಂಖ್ಯೆಯನ್ನು ಈ ಆಟದಲ್ಲಿ ಇಂದಿಗೂ ಯಾರೂ ಮುರಿದಿಲ್ಲ. ಅರ್ಧ ಆಟ ಮುಗಿದಾಗ ಕಾಲಿಂಗ್‌ವುಡ್ 73, ಕಾರ್ಲ್ಟನ್ 29. ನಲವತ್ತನಾಲ್ಕು ಅಂಕಗಳ ಆ ಅಂತರವನ್ನು ಯಾವ ತಂಡವೂ ಗ್ರ್ಯಾಂಡ್ ಫೈನಲ್‌ನಲ್ಲಿ ಅದುವರೆಗೆ ದಾಟಿದ್ದಿಲ್ಲ. ವಿರಾಮದಲ್ಲಿ ಬರಾಸಿಯವರು ತಮ್ಮ ಆಟಗಾರರಿಗೆ ಹ್ಯಾಂಡ್‌ಬಾಲ್ ಮಾಡಿ, ಮತ್ತೆ ಮತ್ತೆ ಮಾಡಿ, ಅಪಾಯವೆನಿಸಿದಾಗಲೂ ಮಾಡಿ ಎಂದು ಬೋಧಿಸಿದರು. ಕಾರ್ಲ್ಟನ್ ಕೊನೆಗೆ 111ಕ್ಕೆ 101ರಂತೆ ಗೆದ್ದಿತು. ಆಧುನಿಕ ಫುಟ್ಬಾಲ್ ಆ ಇಪ್ಪತ್ತು ನಿಮಿಷಗಳಲ್ಲಿ ಜನ್ಮ ತಾಳಿತು: ಇದು ಐತಿಹ್ಯ. ಇದರಲ್ಲಿ ಸ್ಕೋರು ಸತ್ಯ, ಬೋಧನೆಯೂ ಸತ್ಯ. ಜನ್ಮವೃತ್ತಾಂತ ಮಾತ್ರ ತಪ್ಪು. ನಾರ್ಮ್ ಸ್ಮಿತ್ ಅವರ ಅಣ್ಣ ಲೆನ್ ಸ್ಮಿತ್ ಫಿಟ್ಜ್‌ರಾಯ್ ತಂಡಕ್ಕೆ ತರಬೇತಿ ಕೊಡುತ್ತಿದ್ದ ಕಾಲದಲ್ಲೇ ಚೆಂಡು ಸಿಕ್ಕೊಡನೆ ನಿಲ್ಲದೆ ಮುಂದುವರಿಸುವ ಆಟವನ್ನು ಕಲಿಸುತ್ತಿದ್ದರು. ಪಶ್ಚಿಮ ಆಸ್ಟ್ರೇಲಿಯದಿಂದ 1962ರಲ್ಲಿ ಗೀಲಾಂಗ್ ಕ್ಲಬ್ಬಿಗೆ ಬಂದ ಪಾಲಿ ಫಾರ್ಮರ್ ಅವರು ಹ್ಯಾಂಡ್‌ಬಾಲನ್ನು ಆಪತ್ಕಾಲದ ಉಪಾಯವೆಂಬ ದೆಸೆಯಿಂದ ಬಿಡಿಸಿ ದಾಳಿಯ ಆಯುಧವನ್ನಾಗಿ ಮಾಡಿ ತೋರಿಸಿದ್ದರು. ಬರಾಸಿಯವರು ಇವೆಲ್ಲವನ್ನೂ ಹತ್ತಿರದಿಂದ ಬಲ್ಲವರು. ಅವರ ಹಿರಿಮೆ ಆವಿಷ್ಕಾರದಲ್ಲಿಲ್ಲ. ಹೇಗೂ ಸೋತೆವೆಂದು ತಲೆ ತಗ್ಗಿಸಿ ಕುಳಿತ ಹುಡುಗರ ಮುಂದೆ, ಇನ್ನಷ್ಟು ಜೋಪಾನದಿಂದ ಆಡಿ ಎನ್ನುವುದು ಸಹಜವಾಗಿದ್ದ ಗಳಿಗೆಯಲ್ಲಿ, ಇನ್ನಷ್ಟು ಧೈರ್ಯದಿಂದ ಆಡಿ ಎಂದು ಹೇಳಿದ್ದರಲ್ಲಿದೆ.

ಅದೇ ವಿರಾಮದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಹತ್ತೊಂಬತ್ತನೆಯ ಆಳಾಗಿ ಕಾಯ್ದಿದ್ದ ಟೆಡ್ ಹಾಪ್ಕಿನ್ಸ್ ಎಂಬ ಯುವಕನನ್ನು ಬರ್ಟ್ ಥಾರ್ನ್ಲೆ ಅವರ ಬದಲಿಗೆ ಇಳಿಸಲಾಯಿತು. ಆತ ನಾಲ್ಕು ಗೋಲು ಹೊಡೆದ. ಗೆದ್ದೆತ್ತಿನ ಬಾಲ ಹಿಡಿಯುವ ಲೋಕವು ಭಾಷಣವನ್ನು ನೆನೆಯುವಷ್ಟು ಈ ಬದಲಾವಣೆಯನ್ನು ನೆನೆಯುವುದಿಲ್ಲ. ಈ ಹಾಪ್ಕಿನ್ಸ್ ಅವರೇ ಮುಂದೆ ಫುಟ್ಬಾಲಿನ ಪ್ರತಿಯೊಂದು ಒದೆತವನ್ನೂ ಹ್ಯಾಂಡ್‌ಬಾಲನ್ನೂ ಲೆಕ್ಕವಿಡುವ ಚಾಂಪಿಯನ್ ಡೇಟಾ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದರು ಎಂಬುದು ಐತಿಹ್ಯಗಳ ವಿಷಯದಲ್ಲಿ ತಕ್ಕ ವಿನೋದವೇ ಸರಿ.

ಲೀಗಿಗೆ 1925ರಲ್ಲಿ ಸೇರಿದರೂ ಒಂದೇ ಒಂದು ಪಟ್ಟವನ್ನೂ ಕಾಣದಿದ್ದ ನಾರ್ತ್ ಮೆಲ್ಬರ್ನನ್ನು ಬರಾಸಿಯವರು ಏಕಾಂಗಿಯಾಗಿ ಎತ್ತಿ ನಿಲ್ಲಿಸಿದರೆಂಬುದು ಮತ್ತೊಂದು ಪ್ರತೀತಿ. 1973ರಲ್ಲಿ ಅವರು ಬಂದದ್ದೂ, 1975ರಲ್ಲಿ ಮೊದಲ ಪಟ್ಟವೂ 1977ರಲ್ಲಿ ಎರಡನೆಯದೂ ದೊರೆತದ್ದೂ ಸತ್ಯ. ಎರಡನೆಯದು ಕಾಲಿಂಗ್‌ವುಡ್ ಜೊತೆ 76-76ರಲ್ಲಿ ಸಮವಾದ ಪಂದ್ಯವನ್ನು ಮರುವಾರ ಪುನಃ ಆಡಿ ಗೆದ್ದದ್ದು. ಆದರೆ ಅವರೊಡನೆಯೇ ಬಾಗಿಲು ತೆರೆದು ಒಳಗೆ ಬಂದವರನ್ನು ನೋಡಬೇಕು. ಹತ್ತು ವರ್ಷ ಒಂದೇ ಕ್ಲಬ್ಬಿನಲ್ಲಿ ದುಡಿದ ಆಟಗಾರನು ಇಷ್ಟಬಂದ ಕಡೆಗೆ ಹೋಗಬಹುದೆಂದು ಲೀಗು ಅಲ್ಪಕಾಲ ಜಾರಿಯಲ್ಲಿಟ್ಟಿದ್ದ ನಿಯಮವನ್ನು ಹಿಡಿದು, ಅಧ್ಯಕ್ಷರಾದ ಅಲನ್ ಏಲೆಟ್ ಮತ್ತು ಕಾರ್ಯದರ್ಶಿಗಳಾದ ರಾನ್ ಜೋಸೆಫ್ ಅವರು ಬ್ಯಾರಿ ಡೇವಿಸ್, ಡಗ್ ವೇಡ್, ಜಾನ್ ರಾಂಟಲ್ ಎಂಬ ಮೂವರು ನುರಿತವರನ್ನು ಬೇರೆ ಕ್ಲಬ್ಬುಗಳಿಂದ ಕರೆತಂದಿದ್ದರು. ನಿಯಮ ಬಹುಬೇಗ ರದ್ದಾಯಿತು. ಲಾಭ ನಾರ್ತ್ ಮೆಲ್ಬರ್ನಿಗೆ ಉಳಿಯಿತು. ಬರಾಸಿಯವರನ್ನು ಕರೆತಂದದ್ದೂ ಅದೇ ಆಡಳಿತದ ದೂರದೃಷ್ಟಿಯಲ್ಲವೆ?

ಬರಾಸಿಯವರು ಮುಟ್ಟಿದ್ದೆಲ್ಲ ಚಿನ್ನವಾಯಿತೆನ್ನುವವರು 1981ರನ್ನು ಮರೆತಿರುತ್ತಾರೆ. ಆ ವರ್ಷ ಅವರು ಮೆಲ್ಬರ್ನಿಗೆ ತರಬೇತುದಾರರಾಗಿ ಹಿಂದಿರುಗಿದರು. ತಂಡವು 22 ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು, ಅದೂ ಒಂದೇ ಅಂಕದಿಂದ. 1985ರಲ್ಲಿ ಅವರು ಬಿಟ್ಟುಹೋಗುವವರೆಗೂ ತಂಡವು ಅಂತಿಮ ಘಟ್ಟದ ಪಂದ್ಯಗಳನ್ನು ಕಾಣಲಿಲ್ಲ. ಅದಕ್ಕೆ ಪ್ರತಿಯಾಗಿ ಆ ಐದು ವರ್ಷಗಳನ್ನು ವ್ಯರ್ಥವೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಐರ್ಲೆಂಡಿನಲ್ಲಿ ಗೇಲಿಕ್ ಫುಟ್ಬಾಲ್ ಆಡುತ್ತಿದ್ದ ಹುಡುಗರನ್ನು ಈ ಆಟಕ್ಕೆ ಪಳಗಿಸಬಹುದೆಂಬ, ಆಗ ಅನೇಕರು ನಕ್ಕ ಯೋಜನೆಯನ್ನು ಕೈಗೆತ್ತಿಕೊಂಡವರಲ್ಲಿ ಬರಾಸಿಯವರು ಮುಖ್ಯರು. ಅದರಂತೆ 1984ರಲ್ಲಿ ಡಬ್ಲಿನ್ನಿನಿಂದ ಬಂದ ಜಿಮ್ ಸ್ಟೈನ್ಸ್ ಮೊದಲ ದರ್ಜೆಯ ತಂಡದಲ್ಲಿ ಆಡುವ ಹೊತ್ತಿಗೆ 1987 ಬಂದಿತ್ತು, ಬರಾಸಿಯವರು ಹೊರಟುಹೋಗಿದ್ದರು. 1991ರಲ್ಲಿ ಸ್ಟೈನ್ಸ್ ಬ್ರೌನ್‌ಲೋ ಪದಕವನ್ನು ಗೆದ್ದರು, ನಿರಂತರವಾಗಿ 244 ಪಂದ್ಯಗಳನ್ನಾಡಿ ದಾಖಲೆ ಸ್ಥಾಪಿಸಿದರು. ಆಯಾ ವರ್ಷದ ಶ್ರೇಷ್ಠನೂ ಸಭ್ಯನೂ ಆದ ಆಟಗಾರನಿಗೆ ಸಲ್ಲುವ ಈ ಪದಕವು ಬರಾಸಿಯವರಿಗೆ ದೊರೆತಿತ್ತೆಂದು ಅನೇಕರು ಸಹಜವಾಗಿಯೇ ಊಹಿಸುತ್ತಾರೆ. ಎಂದೂ ದೊರೆತಿರಲಿಲ್ಲ.

ಅವರು ನೀರಿನ ಮೇಲೆ ನಡೆದರೆಂದು ಯಾರಾದರೂ ಹೇಳಿದರೆ ಅದನ್ನು ಮಾತ್ರ ಪೂರ್ತಿ ಅಲ್ಲಗಳೆಯುವಂತಿಲ್ಲ: 2006ರ ಕಾಮನ್‌ವೆಲ್ತ್ ಕ್ರೀಡೆಗಳ ಉದ್ಘಾಟನೆಯಂದು ಮೆಲ್ಬರ್ನಿನ ಯಾರಾ ನದಿಯಲ್ಲಿ ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಮುಳುಗಿಸಿದ್ದ ಹಲಗೆಯ ಮೇಲೆ ಬೇಟನ್ ಹಿಡಿದು ಅವರು ನಡೆದದ್ದನ್ನು ಜಗತ್ತೆಲ್ಲ ಕಂಡಿತು.

ಆಸ್ಟ್ರೇಲಿಯದ ಭೂಪಟದ ಮೇಲೆ, ಉತ್ತರದ ಮಾನಿಂಗ್ರಿಡದಿಂದ ಬರ್ಡ್ಸ್‌ವಿಲ್, ಬ್ರೋಕನ್ ಹಿಲ್ ಮಾರ್ಗವಾಗಿ ಕ್ಯಾನ್‌ಬೆರಾದತ್ತ ಎಳೆದ ಒಂದು ಗೆರೆಗೆ ಬರಾಸಿ ರೇಖೆ ಎಂದು ಹೆಸರು. ಅದರ ಒಂದು ಕಡೆ ರಗ್ಬಿಯ ರಾಜ್ಯ, ಇನ್ನೊಂದು ಕಡೆ ಈ ಆಟದ್ದು. ಇದನ್ನು ಬರಾಸಿಯವರೇ ಎಳೆದರೆಂಬುದೂ ತಪ್ಪು ತಿಳಿವಳಿಕೆಯೇ. ಎಳೆದವರು ಇತಿಹಾಸಜ್ಞರಾದ ಇಯನ್ ಟರ್ನರ್, 1978ರಲ್ಲಿ, ರಾನ್ ಬರಾಸಿ ಸ್ಮಾರಕ ಉಪನ್ಯಾಸವೆಂಬ ಹೆಸರಿನ ಭಾಷಣದಲ್ಲಿ. ಸ್ಮರಿಸಲ್ಪಟ್ಟವರು ಆಗ ನಲವತ್ತೆರಡರ ಹರೆಯದಲ್ಲಿ ನಾರ್ತ್ ಮೆಲ್ಬರ್ನಿನ ಹುಡುಗರನ್ನು ಗದರಿಸಿಕೊಂಡು ಗಟ್ಟಿಮುಟ್ಟಾಗಿದ್ದರು. ಗೆರೆಯನ್ನು ಎಳೆಯದಿದ್ದರೂ ಅದನ್ನು ದಾಟಿ ಹೋದದ್ದುಂಟು. 1993ರಲ್ಲಿ, 57ನೆಯ ವಯಸ್ಸಿನಲ್ಲಿ, ಸತತ ಸೋಲುಗಳಿಂದ ಅಳಿವಿನಂಚಿಗೆ ಬಂದಿದ್ದ ಸಿಡ್ನಿ ಸ್ವಾನ್ಸ್ ತಂಡದ ಹೊಣೆಯನ್ನು ಹೊತ್ತರು. ಸಿಡ್ನಿಯನ್ನು ಗ್ರ್ಯಾಂಡ್ ಫೈನಲ್‌ಗೆ ಕೊಂಡೊಯ್ದವರು ಅವರೆಂಬ ಮಾತು ಕೇಳಿಬರುತ್ತದೆ; ದಾಖಲೆ ಹೇಳುವುದು ಬೇರೆ. ಆ ವರ್ಷ ತಂಡ ಗೆದ್ದದ್ದು ಒಂದು ಪಂದ್ಯ, ಮರುವರ್ಷ ನಾಲ್ಕು, 1995ರಲ್ಲಿ ಎಂಟು; ಅಲ್ಲಿಗೆ ಅವರು ನಿವೃತ್ತರಾದರು. 1996ರಲ್ಲಿ ರಾಡ್ನಿ ಈಡ್ ಅವರ ತರಬೇತಿಯಲ್ಲಿ ಸಿಡ್ನಿ ಗ್ರ್ಯಾಂಡ್ ಫೈನಲ್ ಆಡಿತು, ಮತ್ತು 43 ಅಂಕಗಳಿಂದ ಸೋತಿತು. ಸೋಲಿಸಿದ ತಂಡ ನಾರ್ತ್ ಮೆಲ್ಬರ್ನ್.