ಸರ್ವರ್ ಫ್ಯಾನ್‌ಗಳ ನಿರಂತರ ಪೂರ್ಣವೇಗ

ಸರ್ವರ್ ಫ್ಯಾನ್‌ಗಳ ನಿರಂತರ ಪೂರ್ಣವೇಗ ಎಂಬುದು ಸರ್ವರ್ ಕಂಪ್ಯೂಟರನ್ನು ತಂಪಾಗಿಡುವ ಫ್ಯಾನ್‌ಗಳು ಕೆಲಸದ ಹೊರೆ ಕಡಿಮೆಯಿದ್ದಾಗಲೂ ವೇಗ ತಗ್ಗಿಸದೆ, ಜೋರಾದ ಸದ್ದಿನೊಂದಿಗೆ ಗರಿಷ್ಠ ವೇಗದಲ್ಲಿಯೇ ತಿರುಗುವ ಸ್ಥಿತಿಯಾಗಿದೆ. ಹೆಚ್ಚಿನ ಸಂದರ್ಭಗಳಲ್ಲಿ ಇದು ಫ್ಯಾನ್‌ನ ದೋಷವಲ್ಲ, ಬೇರೊಂದು ದೋಷದ ಲಕ್ಷಣ. ಸರ್ವರ್ ಆನ್ ಆದ ಕೂಡಲೇ ಫ್ಯಾನ್‌ಗಳು ಸ್ವಲ್ಪ ಹೊತ್ತು ಪೂರ್ಣವೇಗದಲ್ಲಿ ತಿರುಗಿ ಬಳಿಕ ನಿಧಾನಗೊಳ್ಳುವುದು ಸಹಜ. ಹಾಗೆ ನಿಧಾನಗೊಳ್ಳದಿದ್ದರೆ ಮಾತ್ರ ಪರಿಶೀಲನೆ ಅಗತ್ಯ.

ಕಾರ್ಯವಿಧಾನ

ಸರ್ವರ್‌ನ ಮದರ್‌ಬೋರ್ಡ್ ಮೇಲೆ ಬಿಎಂಸಿ ಎಂಬ ಪ್ರತ್ಯೇಕ ನಿಯಂತ್ರಕ ಚಿಪ್ ಇರುತ್ತದೆ. ಇದು ಪ್ರೊಸೆಸರ್, ಮೆಮೊರಿ ಮತ್ತು ಒಳಬರುವ ಗಾಳಿಯ ಉಷ್ಣತೆಯನ್ನು ಸಂವೇದಕಗಳ ಮೂಲಕ ಅಳೆದು ಫ್ಯಾನ್‌ಗಳ ವೇಗವನ್ನು ನಿರ್ಧರಿಸುತ್ತದೆ. ಇದರೊಡನೆ ವ್ಯವಹರಿಸಲು 1998ರಲ್ಲಿ ಐಪಿಎಂಐ ಎಂಬ ಮಾನದಂಡವನ್ನು ರೂಪಿಸಲಾಯಿತು.

ಸಾಮಾನ್ಯ ಫ್ಯಾನ್‌ಗೆ ನಾಲ್ಕು ತಂತಿಗಳಿರುತ್ತವೆ. ಎರಡು ತಂತಿಗಳು 12 ವೋಲ್ಟ್ ವಿದ್ಯುತ್ತನ್ನು ಒದಗಿಸುತ್ತವೆ, ಮೂರನೆಯದು ಫ್ಯಾನ್‌ನ ವೇಗವನ್ನು ತಿಳಿಸುತ್ತದೆ, ನಾಲ್ಕನೆಯದು ಎಷ್ಟು ವೇಗದಲ್ಲಿ ತಿರುಗಬೇಕೆಂಬ ಸಂಕೇತವನ್ನು ಒಯ್ಯುತ್ತದೆ. ಪಿಡಬ್ಲ್ಯುಎಂ ಎಂಬ ಈ ಸಂಕೇತದ ಆವರ್ತನ ಸುಮಾರು 25 ಕಿಲೋಹರ್ಟ್ಸ್. ನಾಲ್ಕನೆಯ ತಂತಿ ಕಡಿದುಹೋದರೆ ಫ್ಯಾನ್ ನಿಲ್ಲುವುದಿಲ್ಲ, ಪೂರ್ಣವೇಗಕ್ಕೆ ಏರುತ್ತದೆ. ಮಾಹಿತಿ ಕೈತಪ್ಪಿದಾಗ ಯಂತ್ರವು ಸದ್ದಿಗಿಂತ ಸುರಕ್ಷತೆಗೆ ಆದ್ಯತೆ ನೀಡುವಂತೆ ಇದನ್ನು ವಿನ್ಯಾಸಗೊಳಿಸಲಾಗಿದೆ.

ಸದ್ದು ಹೆಚ್ಚಾಗಲು ಕಾರಣ

ರ‍್ಯಾಕ್ ಸರ್ವರ್‌ನ ಒಂದು ಘಟಕದ ಎತ್ತರ 44.45 ಮಿಲಿಮೀಟರ್. ಅದರಲ್ಲಿ ಹಿಡಿಸುವ ಸುಮಾರು 40 ಮಿಲಿಮೀಟರ್ ಅಗಲದ ಚಿಕ್ಕ ಫ್ಯಾನ್‌ಗಳು ಸಾಕಷ್ಟು ಗಾಳಿ ದೂಡಲು ಅತಿ ವೇಗವಾಗಿ ತಿರುಗಬೇಕಾಗುತ್ತದೆ. ಒಂದೇ ಫ್ಯಾನ್‌ನ ವೇಗ ಎರಡು ಪಟ್ಟಾದರೆ ಗಾಳಿಯ ಪ್ರಮಾಣ ಎರಡು ಪಟ್ಟು, ಬೇಕಾಗುವ ವಿದ್ಯುತ್ ಶಕ್ತಿ ಎಂಟು ಪಟ್ಟು ಮತ್ತು ಸದ್ದು ಸುಮಾರು 15 ಡೆಸಿಬಲ್‌ನಷ್ಟು ಹೆಚ್ಚುತ್ತದೆ. ನಿರಂತರ ಪೂರ್ಣವೇಗದಿಂದ ಕೋಣೆಯಲ್ಲಿರುವವರಿಗೆ ಕಿರಿಕಿರಿಯಾಗುವುದಲ್ಲದೆ, ವಿದ್ಯುತ್ ವ್ಯಯವಾಗುತ್ತದೆ ಮತ್ತು ಫ್ಯಾನ್‌ನ ಬೇರಿಂಗ್ ಬೇಗ ಸವೆಯುತ್ತದೆ.

ಕಾರಣವನ್ನು ಪತ್ತೆಹಚ್ಚುವ ಕ್ರಮ

ಮೊದಲು ಬಿಎಂಸಿಯ ವೆಬ್ ಪುಟದಲ್ಲಿ ಅಥವಾ ಐಪಿಎಂಐಟೂಲ್ ತಂತ್ರಾಂಶದ ಮೂಲಕ ಸಂವೇದಕಗಳ ಪಟ್ಟಿ ಮತ್ತು ಘಟನಾವಳಿಯ ದಾಖಲೆಯನ್ನು ಓದಬೇಕು. ಮುಂದಿನ ದಾರಿಯನ್ನು ನಿರ್ಧರಿಸುವುದು ಒಂದೇ ಪ್ರಶ್ನೆ: ಉಷ್ಣತೆ ನಿಜವಾಗಿಯೂ ಹೆಚ್ಚಿದೆಯೇ?

ಉಷ್ಣತೆ ಹೆಚ್ಚಿದ್ದರೆ ಫ್ಯಾನ್‌ಗಳು ತಮ್ಮ ಕೆಲಸವನ್ನೇ ಮಾಡುತ್ತಿವೆ ಎಂದರ್ಥ. ಆಗ ಗಾಳಿಯ ದಾರಿಯಲ್ಲಿ ದೂಳು ಕಟ್ಟಿರುವುದು, ಪ್ರೊಸೆಸರ್ ಮೇಲಿನ ಶಾಖಲೇಪ ಒಣಗಿರುವುದು, ಗಾಳಿಯನ್ನು ಪ್ರೊಸೆಸರ್‌ನತ್ತ ತಿರುಗಿಸುವ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದಿಟ್ಟಿರುವುದು, ಖಾಲಿ ಡಿಸ್ಕ್ ಜಾಗಗಳನ್ನು ಮುಚ್ಚದಿರುವುದು ಅಥವಾ ಕೋಣೆಯೇ ಬಿಸಿಯಾಗಿರುವುದು ಇವುಗಳಲ್ಲಿ ಯಾವುದೆಂದು ನೋಡಬೇಕು.

ಉಷ್ಣತೆ ಸಾಮಾನ್ಯವಾಗಿದ್ದೂ ಫ್ಯಾನ್‌ಗಳು ಪೂರ್ಣವೇಗದಲ್ಲಿದ್ದರೆ ದೋಷವು ನಿಯಂತ್ರಣದಲ್ಲಿದೆ. ಇದರ ಸಾಮಾನ್ಯ ಕಾರಣಗಳು ಹೀಗಿವೆ:

• ಒಂದು ಫ್ಯಾನ್ ಕೆಟ್ಟಿರುವುದು. ಅದರ ಕೊರತೆ ತುಂಬಲು ಉಳಿದವು ವೇಗ ಹೆಚ್ಚಿಸುತ್ತವೆ.
• ಸಂವೇದಕದಿಂದ ಮಾಹಿತಿ ಬಾರದಿರುವುದು. ಪಟ್ಟಿಯಲ್ಲಿ ಅದರ ಮುಂದೆ ಅಂಕಿ ಇರುವುದಿಲ್ಲ.
• ಮೇಲ್ಮುಚ್ಚಳ ಸರಿಯಾಗಿ ಕೂರದಿರುವುದು. ಹಲವು ಸರ್ವರ್‌ಗಳಲ್ಲಿ ಮುಚ್ಚಳ ತೆರೆದಿರುವುದನ್ನು ಗುರುತಿಸುವ ಸ್ವಿಚ್ ಇರುತ್ತದೆ.
• ಬಿಎಂಸಿ ಗುರುತಿಸಲಾಗದ ವಿಸ್ತರಣಾ ಕಾರ್ಡ್. ಅದರ ಉಷ್ಣತೆ ತಿಳಿಯದ ಕಾರಣ ಕೆಲವು ಸರ್ವರ್‌ಗಳು ವೇಗ ಏರಿಸುತ್ತವೆ.
• ಬಿಎಂಸಿಯೇ ಸ್ತಬ್ಧವಾಗಿರುವುದು. ಸರ್ವರ್ ಅನ್ನು ಕ್ರಮಬದ್ಧವಾಗಿ ಶಟ್‌ಡೌನ್ ಮಾಡಿದರೂ ಬಿಎಂಸಿಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಎಲ್ಲ ಪವರ್ ಕೇಬಲ್‌ಗಳನ್ನು ತೆಗೆದು ಕೆಲವು ನಿಮಿಷ ಬಿಟ್ಟು ಮತ್ತೆ ಜೋಡಿಸಬೇಕು.

ಸದ್ದು ಅಲೆಯಂತೆ ಏರಿಳಿಯುತ್ತಿದ್ದರೆ ಹೊಸದಾಗಿ ಹಾಕಿದ ಫ್ಯಾನ್‌ನತ್ತ ಗಮನ ಹರಿಸಬೇಕು. ಕಡಿಮೆ ಸದ್ದಿನ ಫ್ಯಾನ್‌ನ ವೇಗವು ಬಿಎಂಸಿಯಲ್ಲಿ ನಿಗದಿಯಾದ ಕನಿಷ್ಠ ಮಿತಿಗಿಂತ ಕೆಳಗಿಳಿದಾಗ, ಫ್ಯಾನ್ ಕೆಟ್ಟಿದೆಯೆಂದು ಬಿಎಂಸಿ ಭಾವಿಸಿ ಎಲ್ಲವನ್ನೂ ಪೂರ್ಣವೇಗಕ್ಕೆ ಏರಿಸುತ್ತದೆ. ವೇಗ ಮಿತಿಯನ್ನು ದಾಟಿದೊಡನೆ ಮತ್ತೆ ಇಳಿಸುತ್ತದೆ. ಆ ಫ್ಯಾನ್‌ಗೆ ತಕ್ಕಂತೆ ಮಿತಿಯನ್ನು ಬದಲಿಸುವುದು ಅಥವಾ ಮೂಲ ಮಾದರಿಯ ಫ್ಯಾನ್ ಅಳವಡಿಸುವುದು ಇದಕ್ಕೆ ಪರಿಹಾರ.

ಸಣ್ಣ ಪಟ್ಟಣಗಳ ಪರಿಸ್ಥಿತಿ

ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕೀಕೃತಗೊಂಡ ಬಳಿಕ ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಕಂಪ್ಯೂಟರ್ ದಿನನಿತ್ಯದ ಆಡಳಿತದ ಭಾಗವಾಯಿತು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಯಳಂದೂರು ಮತ್ತು ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾದ ಹನೂರು ಇಂತಹ ಕೇಂದ್ರಗಳು. ದೊಡ್ಡ ಡೇಟಾ ಕೇಂದ್ರಗಳಲ್ಲಿ ತಂಪು ಮತ್ತು ದೂಳಿನ ನಿಯಂತ್ರಣಕ್ಕೆ ಪ್ರತ್ಯೇಕ ವ್ಯವಸ್ಥೆಯಿರುತ್ತದೆ. ಸಣ್ಣ ಪಟ್ಟಣದ ಕಾಲೇಜು, ಸಹಕಾರ ಸಂಘ ಅಥವಾ ಅಂಗಡಿಯಲ್ಲಿ ಸರ್ವರ್ ಸಾಮಾನ್ಯ ಕೋಣೆಯಲ್ಲಿಯೇ ಇರುವುದರಿಂದ ಕೆಲವು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ.

ಆಶ್ರೇ ಸಂಸ್ಥೆಯ ಶಿಫಾರಸಿನಂತೆ ಸರ್ವರ್‌ಗೆ ಒಳಬರುವ ಗಾಳಿಯ ಉಷ್ಣತೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಅನೇಕ ಸರ್ವರ್‌ಗಳಿಗೆ ಗರಿಷ್ಠ ಮಿತಿ 35 ಡಿಗ್ರಿ. ಈ ಭಾಗದ ಬೇಸಿಗೆಯ ಹಗಲಿನಲ್ಲಿ ಹೊರಗಿನ ಗಾಳಿಯೇ ಈ ಮಿತಿಯನ್ನು ತಲುಪುವುದುಂಟು. ವಿದ್ಯುತ್ ಕಡಿತವಾದಾಗ ಯುಪಿಎಸ್ ಸರ್ವರ್ ಅನ್ನು ನಡೆಸುತ್ತದೆ. ಆದರೆ ಸಾಮಾನ್ಯವಾಗಿ ಹವಾನಿಯಂತ್ರಕ ಯಂತ್ರವನ್ನು ಅದಕ್ಕೆ ಜೋಡಿಸಿರುವುದಿಲ್ಲ. 400 ವಾಟ್ ಬಳಸುವ ಸರ್ವರ್ ಅಷ್ಟೇ ಶಾಖವನ್ನು ಕೋಣೆಗೆ ಬಿಡುವುದರಿಂದ, ಮುಚ್ಚಿದ ಚಿಕ್ಕ ಕೋಣೆ ಬೇಗನೆ ಕಾಯುತ್ತದೆ. ಸದ್ದು ಏರಿದ ಸಮಯವನ್ನು ವಿದ್ಯುತ್ ಕಡಿತದ ಸಮಯದೊಡನೆ ಹೋಲಿಸಿದರೆ ಈ ಕಾರಣ ಸ್ಪಷ್ಟವಾಗುತ್ತದೆ.

ಕೊಳ್ಳೇಗಾಲವು ರೇಷ್ಮೆ ನೇಯ್ಗೆಗೆ ಹೆಸರಾದ ಪಟ್ಟಣ. ಮಗ್ಗಗಳಿರುವ ಕಟ್ಟಡದಲ್ಲಿ ಸರ್ವರ್ ಇಟ್ಟರೆ ದೂಳಿನೊಡನೆ ನೂಲಿನ ಎಳೆಗಳೂ ಶಾಖವಾಹಕ ಲೋಹದ ರೆಕ್ಕೆಗಳ ನಡುವೆ ಸೇರಿ ಗಾಳಿಯನ್ನು ತಡೆಯಬಹುದು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಂತಹ ಎತ್ತರದ ಸ್ಥಳಗಳಲ್ಲಿ ಹವೆ ತಂಪಾಗಿದ್ದರೂ ಗಾಳಿ ವಿರಳವಾಗಿರುವುದರಿಂದ ಶಾಖವನ್ನು ಒಯ್ಯುವ ಅದರ ಸಾಮರ್ಥ್ಯ ಕಡಿಮೆ. ಆದ್ದರಿಂದ ಸುಮಾರು 900 ಮೀಟರ್‌ಗಿಂತ ಮೇಲೆ ಪ್ರತಿ 300 ಮೀಟರ್‌ಗೆ ಗರಿಷ್ಠ ಉಷ್ಣತೆಯ ಮಿತಿಯನ್ನು 1 ಡಿಗ್ರಿಯಂತೆ ಇಳಿಸಿ ಲೆಕ್ಕ ಹಾಕುವ ರೂಢಿಯಿದೆ.

ಮುನ್ನೆಚ್ಚರಿಕೆಗಳು

ಕಾರಣ ತಿಳಿಯದೆ ಫ್ಯಾನ್‌ನ ತಂತಿ ಕೀಳುವುದು ಅಥವಾ ಆದೇಶ ನೀಡಿ ವೇಗವನ್ನು ಕೆಳಮಟ್ಟದಲ್ಲಿ ಸ್ಥಿರಗೊಳಿಸುವುದು ಅಪಾಯಕರ. ಪ್ರೊಸೆಸರ್ ಅತಿಯಾಗಿ ಬಿಸಿಯಾದಾಗ ತಾನೇ ವೇಗ ಕುಗ್ಗಿಸಿಕೊಳ್ಳುತ್ತದೆ ಅಥವಾ ಸ್ಥಗಿತಗೊಳ್ಳುತ್ತದೆ. ಆದರೆ ಹಾರ್ಡ್ ಡಿಸ್ಕ್‌ಗಳು ಶಾಖದಿಂದ ಹಾಳಾದರೆ ಅವುಗಳಲ್ಲಿನ ದತ್ತಾಂಶ ಮರಳಿ ಸಿಗದಿರಬಹುದು. ಆದ್ದರಿಂದ ದುರಸ್ತಿಗೆ ಮೊದಲು ದತ್ತಾಂಶದ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು.

ಸ್ವಚ್ಛಗೊಳಿಸುವಾಗ ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ತೆಗೆದು, ಒಣ ಗಾಳಿಯನ್ನು ಊದಬೇಕು. ಗಾಳಿಯ ರಭಸಕ್ಕೆ ಫ್ಯಾನ್ ಅತಿವೇಗದಲ್ಲಿ ತಿರುಗಿ ಬೇರಿಂಗ್ ಕೆಡದಂತೆ ರೆಕ್ಕೆಗಳನ್ನು ಹಿಡಿದುಕೊಳ್ಳಬೇಕು. ಮುಚ್ಚಳ ತೆರೆದಿಟ್ಟರೆ ಸರ್ವರ್ ಹೆಚ್ಚು ತಂಪಾಗುತ್ತದೆ ಎಂಬುದು ತಪ್ಪು ಕಲ್ಪನೆ. ಮುಚ್ಚಳವಿದ್ದಾಗ ಮಾತ್ರ ಗಾಳಿ ನಿಗದಿತ ದಾರಿಯಲ್ಲಿ ಹರಿಯುತ್ತದೆ.